ಹನ್ನೆರಡು ಪದಗಳಲ್ಲಿ ವಿಶಾಲಾಕ್ಷಿ

ಕಿವಿಮಣಿ ಬಂದ ಮೇಲೆ ವಿಶಾಲಾಕ್ಷಿ ಕಮಡೊಳ್ಳಿ ಎದುರಿಗೆ ಬಂದವರ ಮುಖ ನೋಡುವುದನ್ನೇ ಬಿಟ್ಟಿದ್ದಳು. ಜೋಳದ ಕಾಳಿನಷ್ಟು ದಪ್ಪನೆಯ ಆ ಮಣಿಯನ್ನು ಕಿವಿಯಲ್ಲಿಟ್ಟುಕೊಂಡರೆ ಸಾಕು, ಎದುರಿಗಿರುವವರು ಯಾರು ಎಂಬುದನ್ನು ಅದು ಪಿಸುಮಾತಿನಲ್ಲಿ ಹೇಳಿಬಿಡುತ್ತಿತ್ತು. ಮಣಿಯ ಜೊತೆಗೇ ಬರುವ, ಅಂಗಿಯ ಗುಂಡಿಯಂಥ ಕ್ಯಾಮೆರಾ ಕಣ್ಣೊಂದು ಮುಖವನ್ನು ಗುರುತು ಹಿಡಿಯುತ್ತಿತ್ತು. ಎಲ್ಲೋ ದೂರದಲ್ಲಿದ್ದ ಯಂತ್ರ ಆ ಮುಖದ ಬಗ್ಗೆ ಲೋಕದಲ್ಲಿ ಬರೆದದ್ದನ್ನೆಲ್ಲ ಅರೆದು ಒಂದು ಮಾತು ಮಾಡಿ ಕಳಿಸುತ್ತಿತ್ತು. ಹಿಂದಿನ ಕಾಲದಲ್ಲಿ ಒಬ್ಬರ ಹೆಸರು ಹಾಕಿ ಹುಡುಕಿದರೆ ಹತ್ತಾರು ಪುಟಗಳು ಬರುತ್ತಿದ್ದವು. ಒಂದರಲ್ಲಿ ಬೈದಿದ್ದರೆ ಇನ್ನೊಂದರಲ್ಲಿ ಹೊಗಳಿಕೆ ಇರುತ್ತಿತ್ತು, ಓದುವವರು ತೂಗಿ ನೋಡುತ್ತಿದ್ದರು. ಕಿವಿಮಣಿಗೆ ಅಷ್ಟು ಪುರುಸೊತ್ತಿಲ್ಲ. ಹೆಸರೂ ಸೇರಿ ಹನ್ನೆರಡು ಪದ. ಅದಕ್ಕಿಂತ ಹೆಚ್ಚು ಕೇಳುವ ತಾಳ್ಮೆ ಜನರಿಗಿಲ್ಲ ಎಂದು ಮಣಿ ಮಾಡಿದವರು ಲೆಕ್ಕ ಹಾಕಿದ್ದರು.

ವಿಶಾಲಾಕ್ಷಿಯ ಪಾಲಿಗೆ ಬಂದ ಮಾತು ಇದು: "ವಿಶಾಲಾಕ್ಷಿ ಕಮಡೊಳ್ಳಿ. ಕೆಮ್ಮಿನ ಸಿರಪ್ ಕುಡಿದು ಏಳು ಮಕ್ಕಳು ಸತ್ತ ಪ್ರಕರಣದಲ್ಲಿ ಹಿಂದೆ ಬಂಧಿತರಾಗಿದ್ದ ಫಾರ್ಮಸಿಸ್ಟ್."

ಇದರಲ್ಲಿ ಒಂದು ಪದವೂ ಸುಳ್ಳಲ್ಲ. ತೊಡಕು ಇದ್ದದ್ದೇ ಅಲ್ಲಿ.

ಹುಬ್ಬಳ್ಳಿಯ ಉಣಕಲ್ ಕಡೆ ಒಂದು ಮಾಳಿಗೆಯ ಮೇಲಿನ ಕೋಣೆಯಲ್ಲಿ ಅವಳ ವಾಸ. ಹಾಲಿನವನು ಪಾಕೀಟನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ಕೆಳಗಿನ ಮನೆಯಾಕೆ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಅಂಗಳದಲ್ಲಿ ಆಡುತ್ತಿದ್ದ ಕೂಸನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಜಗಳವಿಲ್ಲ, ಬೈಗುಳವಿಲ್ಲ. ಯಾರೂ ಏನೂ ಕೇಳಲಿಲ್ಲವಾದ್ದರಿಂದ ಅವಳಿಗೂ ಏನೂ ಹೇಳಲಾಗಲಿಲ್ಲ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಕ್ಕೆ ಕಾರಣ ಒಂದೇ: ಅಲ್ಲಿಯ ಉಗಿಗೆ ಮಣಿ ಕೆಡುತ್ತದೆಂದು ಎಲ್ಲರೂ ಬಾಗಿಲಲ್ಲೇ ತೆಗೆದಿಡಬೇಕಿತ್ತು. ಎಂಟು ತಾಸು ಅವಳು ಬರೀ ವಿಶಾಲಕ್ಕ. ಕೆಲಸ ಮುಗಿದು ಎಲ್ಲರೂ ಮಣಿ ಹಾಕಿಕೊಳ್ಳುವ ಮೊದಲೇ ಹಿಂದಿನ ಬಾಗಿಲಿಂದ ಹೊರಟುಬಿಡುತ್ತಿದ್ದಳು.

ಏಳು ವರ್ಷದ ಹಿಂದೆ ಅವಳು ಒಂದು ತಾಲೂಕು ಊರಿನ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯಲ್ಲಿ ಕೂಡುತ್ತಿದ್ದಳು. ಒಂದು ವಾರದಲ್ಲಿ ಮೂರು ಮಕ್ಕಳು ಮೂತ್ರ ಕಟ್ಟಿ, ಮುಖ ಬಾತು ಬಂದವು. ವೈದ್ಯರು ಬೇರೆ ಬೇರೆ ಕಾರಣ ಊಹಿಸುತ್ತಿದ್ದಾಗ ವಿಶಾಲಾಕ್ಷಿ ತನ್ನ ರಿಜಿಸ್ಟರ್ ತೆಗೆದು ನೋಡಿದಳು. ಮೂವರಿಗೂ ಒಂದೇ ಬ್ಯಾಚಿನ ಕೆಮ್ಮಿನ ಸಿರಪ್ ಹೋಗಿತ್ತು. ಮೇಲಿನವರನ್ನು ಕೇಳದೆ ಉಳಿದ ಬಾಟಲಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು, ಎರಡನ್ನು ಪರೀಕ್ಷೆಗೆ ಕಳಿಸಿದಳು. ಆಮೇಲೆ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಒಂದು ಆಟೋ ಹಿಡಿದು ಎರಡು ದಿನ ಹಳ್ಳಿಹಳ್ಳಿ ಅಲೆದಳು. ಆಗಲೇ ನಲವತ್ತೊಂದು ಬಾಟಲಿಗಳು ಜನರ ಕೈಗೆ ಹೋಗಿದ್ದವು. ಎರಡು ಮನೆಗಳಲ್ಲಿ ಅವಳು ಹೋಗುವಷ್ಟರಲ್ಲಿ ತಡವಾಗಿತ್ತು. ಆಸ್ಪತ್ರೆಗೆ ಬಂದಿದ್ದ ಮೂವರೂ, ಆಗಲೇ ಔಷಧ ಕುಡಿದಿದ್ದ ಇನ್ನಿಬ್ಬರೂ ಉಳಿಯಲಿಲ್ಲ; ಒಟ್ಟು ಏಳು ಮಕ್ಕಳು. ಮೂರನೆಯ ದಿನ ಪೊಲೀಸರು ಬಂದರು. ರಿಜಿಸ್ಟರಿನಲ್ಲಿ ಪ್ರತಿ ಬಾಟಲಿಯ ಮುಂದೆಯೂ ಅವಳದೇ ಸಹಿ ಇತ್ತಲ್ಲ.

ನಾಲ್ಕು ದಿನ ಠಾಣೆಯಲ್ಲಿದ್ದಳು. ಪರೀಕ್ಷೆಯ ವರದಿ ಬಂತು. ಸಿರಪ್ಪಿನಲ್ಲಿ ವಿಷ ಸೇರಿದ್ದು ತಯಾರಿಸಿದ ಕಂಪನಿಯಲ್ಲೇ ಎಂದು ಖಚಿತವಾಯಿತು. ಅವಳನ್ನು ಬಿಟ್ಟರು. ಕಂಪನಿಯವರಿಗೆ ಶಿಕ್ಷೆಯಾಗುವಲ್ಲಿ ಅವಳ ಸಾಕ್ಷ್ಯವೇ ದೊಡ್ಡದಾಯಿತು. ಆದರೆ ಕಂಪನಿಯ ಜನ ಸಾಕ್ಷಿಗಳನ್ನು ಹೆದರಿಸುತ್ತಿದ್ದಾರೆಂದು ನ್ಯಾಯಾಲಯ ಎಲ್ಲ ಸಾಕ್ಷಿಗಳ ಹೆಸರು ಮುಚ್ಚಿಟ್ಟಿತು. ತೀರ್ಪಿನ ತುಂಬ ಅವಳು 'ಮೂರನೇ ಸಾಕ್ಷಿ'. ಬಂಧನದ ಸುದ್ದಿ ಹೆಸರು, ಫೋಟೊ ಸಮೇತ ನಲವತ್ತು ಕಡೆ ಬಂದಿತ್ತು. ಬಿಡುಗಡೆಯ ಸುದ್ದಿ ಎರಡೇ ಕಡೆ, ಅದೂ 'ಫಾರ್ಮಸಿಸ್ಟ್ ಒಬ್ಬರು' ಎಂದು. ಆಗಿನ್ನೂ ಕಿವಿಮಣಿ ಬಂದಿರಲಿಲ್ಲ. ಮುಂದಿನ ವರ್ಷ ಬಂತು. ಯಂತ್ರಕ್ಕೆ ವಿಶಾಲಾಕ್ಷಿ ಬೇರೆ, ಮೂರನೇ ಸಾಕ್ಷಿ ಬೇರೆ.

ಇದನ್ನೆಲ್ಲ ಅವಳು ನುಂಗಿಕೊಂಡೇ ಇರುತ್ತಿದ್ದಳೋ ಏನೋ. ಒಂದು ರವಿವಾರ ಮಧ್ಯಾಹ್ನ ತಂಗಿ ಸರೋಜಿನಿ ಫೋನ್ ಮಾಡಿದಳು.

"ಅಕ್ಕಾ, ಅಶ್ವಿನಿ ಲಗ್ನ ಗಟ್ಟಿ ಆತು. ಇನ್ನ ನಾಕು ತಿಂಗಳಿಗೆ."

"ಭಾಳ ಚಲೋ ಆತು. ನಾ ಒಂದ್ ವಾರ ಮೊದ್ಲ ಬರ್ತೀನಿ, ಕೆಲಸಕ್ಕ ಕೈ ಆಕ್ಕೈತಿ."

ಸರೋಜಿನಿ ದನಿ ತಗ್ಗಿಸಿದಳು. ಆಮೇಲೆ ಅಂದಳು, "ನೀ ಬರೂದು ಬ್ಯಾಡ ಅಂತ ಅಲ್ಲಕ್ಕಾ. ಆದ್ರ ಬೀಗರು ಎಲ್ಲಾರ ಕಿವ್ಯಾಗೂ ಮಣಿ ಅದಾವು. ಮಂಟಪದಾಗ ನಿನ್ನ ನೋಡಿದ್ ಕೂಡ್ಲೆ... ನಾ ಎಷ್ಟ್ ಮಂದಿಗೆ ಅಂತ ಹೇಳ್ಕೋತ ಅಡ್ಡಾಡ್ಲಿ?"

"ಹೌದು ಬಿಡು," ಎಂದಳು ವಿಶಾಲಾಕ್ಷಿ. "ಹೇಳಾಕ ಆಗೂದಿಲ್ಲ."

ತಂಗಿಯ ಮಗಳು ಅಶ್ವಿನಿ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಇವಳೇ. ಫೋನ್ ಇಟ್ಟ ಮೇಲೆ ಮಾಡಿಟ್ಟ ಅನ್ನ ಹಾಗೆಯೇ ಆರಿತು. ಮರುದಿನ ರಜೆ ಹಾಕಿ ಅವಳು ಉಚಿತ ಕಾನೂನು ನೆರವಿನ ಕಚೇರಿಗೆ ಹೋದಳು.

ಅಲ್ಲಿಯ ವಕೀಲೆ ಪ್ರಮೀಳಾ ಹಂಚಿನಾಳ ಮಣಿ ತೆಗೆದು ಮೇಜಿನ ಮೇಲಿಟ್ಟೇ ಮಾತಿಗೆ ಕುಳಿತಳು. ಅಷ್ಟಕ್ಕೇ ವಿಶಾಲಾಕ್ಷಿ ತಲೆಯೆತ್ತಿ ಅವಳ ಮುಖ ನೋಡಿದಳು.

"ನಮ್ ಮುಂದ ಇರೂ ದಾರಿ ಹೇಳ್ತೀನ್ರಿ," ಎಂದಳು ಪ್ರಮೀಳಾ. "ಮಣಿ ಕಂಪನಿಗೇ ಅರ್ಜಿ ಹಾಕಬೌದು. ಅದನ್ನ ಓದೂದೂ ಯಂತ್ರನ. ಪ್ರತಿ ಪದಕ್ಕೂ ಆಧಾರ ಐತಿ ಅಂತ ಐದ ನಿಮಿಷದಾಗ ವಾಪಸ್ ಕಳಿಸ್ತೈತಿ. ಸುದ್ದಿ ಹಾಕಿದವ್ರಿಗೆ ತಿದ್ದರಿ ಅಂತ ಬರೀಬೌದು. ಅವ್ರು, ನಾವ್ ಹಾಕಿದ್ದು ಖರೇನ ಐತಲ್ಲ ಅಂತಾರ. ಮಾನಹಾನಿ ದಾವೆ ಹಾಕಿದ್ರೂ ಅದ ಉತ್ತರ. ಮೂರನೇ ಸಾಕ್ಷಿ ನೀವ ಅಂತ ತೋರಸಾಕ ಮುಚ್ಚಿದ ಲಕೋಟಿ ತೆರೀಬೇಕು. ಅದಕ್ಕ ಹೈಕೋರ್ಟು. ಎಷ್ಟ್ ವರ್ಷ ಹಿಡೀತೈತೋ."

"ಮತ್ತ?"

"ಹೊಸಾ ಕಾಯ್ದೆ ಬಂದ ಮ್ಯಾಲ ಮಾಹಿತಿ ನ್ಯಾಯಮಂಡಳಿ ಆಗೈತಿ. ಅಲ್ಲಿ ಎರಡು ನಮೂನಿ ಅರ್ಜಿ. ಒಂದು ತಿದ್ದುಪಡಿ. ಸುದ್ದ್ಯಾಗ ಬಂದ ಘಟನೆಯಿಂದ ನೇರ ಪೆಟ್ಟು ತಿಂದವರು ಯಾರರೆ ಬಂದು, ನಿಮ್ಮ ಹೆಸರ ಹಿಡದು, ಪ್ರಮಾಣ ಮಾಡಿ ಹೇಳ್ಬೇಕು. ನಿಮ್ ವಿಷಯದಾಗ ಅಂದ್ರ, ಆ ಏಳು ಮಕ್ಕಳ ತಂದಿ ತಾಯಿ."

ವಿಶಾಲಾಕ್ಷಿ ಕುರ್ಚಿಯಿಂದ ಅರ್ಧ ಎದ್ದಳು. "ಅದು ಆಗೂದಿಲ್ರಿ. ಆ ಬಾಟ್ಲಿ ಕೊಟ್ಟ ಕೈ ಇದ. ಯಾವ ಮಾರಿ ತಗೊಂಡು ಆ ಮನೀಗೆ ಹೋಗಿ, ನನಗ ಒಳ್ಳೆ ಮಾತು ಹೇಳ್ರಿ ಅಂತ ಕೇಳ್ಲಿ?"

"ಹಂಗಂದ್ರ ಅಳಿಕೆ. ನಿಮ್ಮ ಹೆಸರನ್ನ ಆ ಪ್ರಕರಣದಿಂದ ಪೂರ್ತಿ ಕಡದು ಹಾಕೂದು. ಯಾರದೂ ತಕರಾರು ಇಲ್ಲಂದ್ರ ಎರಡ ತಿಂಗಳದಾಗ ಮುಗೀತೈತಿ."

ಲಗ್ನಕ್ಕೆ ನಾಲ್ಕು ತಿಂಗಳಿತ್ತು. "ಅಳಿಕೆನ ಇರ್ಲಿ," ಎಂದಳು.

ಮೂರು ವಾರದ ನಂತರ ನ್ಯಾಯಮಂಡಳಿಯ ತಾಂತ್ರಿಕ ಕೋಣೆಗೆ ಕರೆ ಬಂತು. ತಣ್ಣಗಿನ ಕೋಣೆ, ಗೋಡೆಯುದ್ದಕ್ಕೂ ಒಂದು ಪರದೆ. ಅಲ್ಲಿಯ ಅಧಿಕಾರಿ ಮುನೀರ್ ಸವಣೂರ ಅವಳಿಗೆ ಕುರ್ಚಿ ಎಳೆದು ಕೊಟ್ಟು, ತಾನು ನಿಂತೇ ವಿವರಿಸಿದ.

"ಯಂತ್ರದಾಗ ನಿಮ್ಮ ಹೆಸರಿನ ಹಾಳಿ ಅಂತ ಒಂದು ಇರೂದಿಲ್ರಿ ಅಮ್ಮಾರ, ಹರದು ಒಗ್ಯಾಕ. ಅದು ಕೋಟಿಗಟ್ಟಲೆ ಬರವಣಿಗಿ ಓದಿ ಯಾವ ಹೆಸರಿಗೆ ಯಾವ ಸಂಗತಿ ಎಷ್ಟ್ ನಂಟು ಅನ್ನೂದನ್ನ ಕಲತೈತಿ. ನಾವು ಮಾಡೂದಂದ್ರ ಆ ನಂಟು ಸಡಲ ಮಾಡೂದು."

ಪರದೆಯ ನಡುವೆ ಅವಳ ಹೆಸರಿನ ಚುಕ್ಕೆ ಇತ್ತು. ಅದರಿಂದ ಎಳೆಗಳು ಹೊರಟು ಬೇರೆ ಚುಕ್ಕೆಗಳಿಗೆ ಸೇರಿದ್ದವು. ಕೆಲವು ದಪ್ಪ, ಕೆಲವು ಕಂಡೂ ಕಾಣದಷ್ಟು ಸಣ್ಣವು. 'ಬಂಧನ' ಎಂಬುದಕ್ಕೆ ಹೋದ ಎಳೆ ಹಗ್ಗದಂತಿತ್ತು. ಇಪ್ಪತ್ತಾರು ವರ್ಷದ ನೌಕರಿ ಎಲ್ಲೂ ಇರಲಿಲ್ಲ. ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಹೆಸರಿನ ಸುತ್ತ ಹತ್ತಿಕೊಂಡಂತೆ ಏಳು ಸಣ್ಣ ಚುಕ್ಕೆಗಳಿದ್ದವು. ಓದದೆಯೇ ಅವು ಯಾರವೆಂದು ಅವಳಿಗೆ ತಿಳಿಯಿತು.

"ಅಳಿಕಿ ಆದ ಮ್ಯಾಲ ಏನ್ ಆಕ್ಕೈತಿ ಅನ್ನೂದನ್ನ ಅರ್ಜಿದಾರ್ರಿಗೆ ಮೊದ್ಲ ಕೇಳಸಬೇಕು, ಹಂಗ ನಿಯಮ ಐತಿ," ಎಂದು ಮುನೀರ್ ಒಂದು ಗುಂಡಿ ಒತ್ತಿದ. ಕೋಣೆಯಲ್ಲಿ ಮಣಿಯ ದನಿ ಕೇಳಿಸಿತು. "ವಿಶಾಲಾಕ್ಷಿ ಕಮಡೊಳ್ಳಿ. ಮಾಹಿತಿ ಇಲ್ಲ."

ಅವಳು ಉಸಿರು ಬಿಟ್ಟಳು. ಎಷ್ಟು ಹಗುರ ಮಾತು! ಏನೂ ಅಲ್ಲದವಳಾಗಿ ತಂಗಿಯ ಪಕ್ಕ ನಿಲ್ಲಬಹುದು.

ಮುನೀರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೊಂದೂ ಕೇಳಸಬೇಕು. ಅಕ್ಕಪಕ್ಕದ ನಂಟೂ ಸಡಲ ಆಗ್ತಾವು. ಆ ಔಷಧ ಕಂಪನಿ ಈಗ ಬ್ಯಾರೆ ಹೆಸರಿಲೆ ನಡದೈತಿ. ಅವರೂ ತಮ್ಮ ಹೆಸರಿನ ಅರ್ಧ ಎಳಿ ಕಾಯ್ದೆ ಪ್ರಕಾರನ ಕಡಿಸ್ಯಾರ. ಆ ಮಕ್ಕಳಿಗೂ ಆ ಕಂಪನಿಗೂ ನಡುವ ಗಟ್ಟಿ ಉಳದಿರೂ ಎಳಿ ನಿಮ್ಮ ಹೆಸರಿನ ಮ್ಯಾಲಿಂದ ಹೋಗೂದು ಒಂದ."

ಮತ್ತೆ ಗುಂಡಿ ಒತ್ತಿದ. ಕಂಪನಿಯ ಬಗ್ಗೆ ದನಿ ಹೇಳಿತು: "ಮಕ್ಕಳ ಆರೋಗ್ಯಕ್ಕಾಗಿ ಉತ್ಪನ್ನಗಳನ್ನು ತಯಾರಿಸುವ ಸಂಸ್ಥೆ." ಏಳು ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಕೇಳಿದ. ಏಳಕ್ಕೂ ಒಂದೇ ಉತ್ತರ. ಮಾಹಿತಿ ಇಲ್ಲ.

ವಿಶಾಲಾಕ್ಷಿ ಪರದೆಯ ಮೇಲಿನ ಆ ಏಳು ಚುಕ್ಕೆಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ಅವಳು ಅಂದದ್ದು ಇಷ್ಟು: "ಏಳು ವರ್ಷ ಹೊತ್ತೀನ್ರಿ. ಸಾಕಾಗೈತಿ. ಮಾಡ್ರಿ."

ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುವಾಗ ಅವಳಿಗೆ ತನ್ನ ಮೇಲೆ ತನಗೇ ಹೇಸಿಕೆಯಾಯಿತು. ಆದರೂ ಮರುದಿನ ಅರ್ಜಿ ಹಿಂದಕ್ಕೆ ಪಡೆಯಲು ಹೋಗಲಿಲ್ಲ. ಬಟ್ಟೆ ಮಡಚುತ್ತ ಲಗ್ನಕ್ಕೆ ಯಾವ ಸೀರೆ ಉಡಲಿ ಎಂದು ಯೋಚಿಸಿದಳು. ಇಳಕಲ್ ಸೀರೆಯೊಂದನ್ನು ತೆಗೆದು ಬಿಸಿಲಿಗೆ ಹಾಕಿದಳು.

ನಿಯಮದಂತೆ ಏಳು ಮನೆಗಳಿಗೂ ನೋಟಿಸು ಹೋಯಿತು. ಹಾಗೆ ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆರು ಮನೆಯಿಂದ ಉತ್ತರ ಬರಲಿಲ್ಲ. ಏಳನೆಯದು ತಕರಾರು. ರೇಣವ್ವ ತಳವಾರ, ಮೃತ ನೇತ್ರಾಳ ತಾಯಿ, ಖುದ್ದಾಗಿ ಹಾಜರಾಗುತ್ತಾಳೆ ಎಂದು ಪ್ರಮೀಳಾ ತಿಳಿಸಿದಳು.

ವಿಚಾರಣೆಯ ದಿನ ಬೆಳಿಗ್ಗೆ ಮಂಡಳಿಯ ವರಾಂಡದಲ್ಲಿ ಒಂದೇ ಒಂದು ಬೆಂಚಿತ್ತು. ಅದರ ತುದಿಗೆ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೂವತ್ತೈದರ ಹೆಂಗಸೊಬ್ಬಳು ಕೂತಿದ್ದಳು. ಕಿವಿಯಲ್ಲಿ ಮಣಿ ಇರಲಿಲ್ಲ. ವಿಶಾಲಾಕ್ಷಿ ನಿಂತೇ ಇದ್ದಳು.

"ಕೂಡ್ರಿ ಅಕ್ಕಾರ," ಎಂದಳು ಆ ಹೆಂಗಸು. "ನಿಮ್ಮ ಗುರ್ತ ಸಿಗಾಕ ನನಗ ಮಣಿ ಬೇಕಾಗಿಲ್ಲ."

ವಿಶಾಲಾಕ್ಷಿ ಇನ್ನೊಂದು ತುದಿಗೆ ಕೂತಳು.

"ನೋಟಿಸ್ ಓದಿಸಿ ಕೇಳಿದೆ," ಎಂದಳು ರೇಣವ್ವ. ಅವಳ ದನಿ ಗಡುಸಾಗಿತ್ತು. "ನಿಮ್ಮ ಹೆಸರ ತಗದ್ರ ನನ್ನ ಮಗಳ ಹೆಸರೂ ಹೋಗ್ತೈತಂತ. ಹೌದೇನು?"

"ಹೌದವ್ವಾ."

"ಗೊತ್ತಿದ್ದೂ ಅರ್ಜಿ ಹಾಕಿದ್ರಿ?"

"ಹಾಕಿದಾಗ ಗೊತ್ತಿದ್ದಿಲ್ಲ. ಗೊತ್ತಾದ ಮ್ಯಾಲೂ ಬ್ಯಾಡ ಅನ್ನಲಿಲ್ಲ." ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ನನಗ ಮಂದಿ ನಡುವ ಕೂಡ್ಬೇಕು ಅನ್ನಿಸ್ತು. ಅಷ್ಟ."

ರೇಣವ್ವ ಅವಳತ್ತ ತಿರುಗಿ ನೋಡಿದಳು. ಬೈಗುಳಕ್ಕೆ ಸಿದ್ಧವಾಗಿ ವಿಶಾಲಾಕ್ಷಿ ತಲೆ ತಗ್ಗಿಸಿದಳು. ಮಂಡಳಿಯ ಜವಾನ ಯಾರದೋ ಹೆಸರು ಕೂಗಿ ಒಳಗೆ ಹೋದ.

"ಆ ದಿನ ನಮ್ ಮನಿಗೆ ನೀವು ಬಂದಾಗ ನೇತ್ರಾ ಹೋಗಿ ಒಂದ ದಿನ ಆಗಿತ್ತು," ಎಂದಳು ರೇಣವ್ವ. "ನಾ ಗ್ವಾಡಿಗೆ ಕುಂತಿದ್ದೆ. ನೀವು ಬಂದವ್ರ, ಬಾಟ್ಲಿ ಎಲ್ಲೈತಿ ಅಂದ್ರಿ. ಅಡಗಿ ಮನ್ಯಾಗ ನಮ್ಮತ್ತಿ ಆಗಷ್ಟ ಸಣ್ಣಾಂವಗ ಒಂದ್ ಚಮಚ ಹಾಕಾಕ ನಿಂತಿದ್ರು. ಅಂವಗೂ ಕೆಮ್ಮಿತ್ತು. ನೀವು ಓಡಿ ಹೋಗಿ ಚಮಚಾನ ಕಸಗೊಂಡ್ರಿ. ಅದು ನಿಮ್ಮ ಸೀರಿ ಮ್ಯಾಲ ಚೆಲ್ಲಿತು."

ವಿಶಾಲಾಕ್ಷಿಗೆ ಚಮಚ ನೆನಪಿರಲಿಲ್ಲ. ಅವಳಿಗೆ ನೆನಪಿದ್ದದ್ದು ಗೋಡೆಗೆ ಒರಗಿ ಕೂತ ಹುಡುಗಿಯಂಥ ತಾಯಿ, ಮೂಲೆಯಲ್ಲಿದ್ದ ಪುಟ್ಟ ಚಪ್ಪಲಿ ಮಾತ್ರ. ತಡವಾಯಿತು, ತಡವಾಯಿತು ಎನ್ನುತ್ತ ಅಲ್ಲಿಂದ ಹೊರಟಿದ್ದಳು. ಆ ಮನೆಯಲ್ಲಿ ಇನ್ನೊಂದು ಕೂಸು ಇತ್ತೆಂಬುದೇ ಅವಳ ಮನಸ್ಸಿನಲ್ಲಿ ಉಳಿದಿರಲಿಲ್ಲ.

"ಅಂವ..." ಎಂದಳು.

"ಒಂಬತ್ತು ವರ್ಷದಾಂವ ಆಗ್ಯಾನ. ಮಾತ ಕೇಳೂದಿಲ್ಲ." ರೇಣವ್ವ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು. "ಬಾಟ್ಲಿ ಕೊಟ್ಟಾಕಿ ನೀವ. ಕಸಗೊಂಡಾಕಿನೂ ನೀವ. ನಾ ಭಾಳ ವರ್ಷ ಒಂದನ್ನ ಹಿಡ್ಕೊಂಡು ಇನ್ನೊಂದನ್ನ ಬಿಟ್ಟಿದ್ದೆ. ಎರಡೂ ಕೂಡಿ ಹಿಡೀಲಿಕ್ಕೆ ಆಗ್ತಿದ್ದಿಲ್ಲ. ಅಕ್ಕಾರ, ನನ್ನ ಮಗಳ ಹೆಸರ ಅಳಸಬ್ಯಾಡ್ರಿ. ಆಕಿ ಯಾವದರಿಂದ ಸತ್ಲು ಅಂತ ಹೇಳಾಕ ಎಲ್ಲೆರೆ ಒಂದ್ ಕಡೆ ಇರ್ಲಿ."

ಪ್ರಮೀಳಾ ಅಷ್ಟರಲ್ಲಿ ಬಂದು ಕಂಬದ ಹತ್ತಿರ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೆಲ್ಲಗೆ ಕೇಳಿದಳು, "ರೇಣವ್ವಾರ, ಈ ಮಾತನ್ನ ಒಳಗ ಪ್ರಮಾಣ ಮಾಡಿ ಹೇಳ್ತೀರೇನು? ಈ ಅಮ್ಮಾರ ಹೆಸರ ಹಿಡದು?"

"ಹೇಳಾಕ ಅಂತನ ಬಂದೀನಿ," ಎಂದಳು ರೇಣವ್ವ.

ಪ್ರಮೀಳಾ ವಿಶಾಲಾಕ್ಷಿಯನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದಳು. ತಕರಾರನ್ನು ಎದುರಿಸಿ ಅಳಿಕೆಗೇ ಪಟ್ಟು ಹಿಡಿದರೆ ಗೆಲ್ಲುವ ಸಾಧ್ಯತೆ ಇದೆ, ಲಗ್ನಕ್ಕೆ ಮೊದಲೇ ಆದೀತು. ತಿದ್ದುಪಡಿಗೆ ಹೋದರೆ ಯಂತ್ರ ಹೊಸದಾಗಿ ಕಲಿಯಲು ಆರು ತಿಂಗಳು ಬೇಕು. ತಿದ್ದುಪಡಿಯಾದ ಮೇಲೆ ಮತ್ತೆಂದೂ ಅಳಿಕೆ ಕೇಳುವಂತಿಲ್ಲ. ಸಾಯುವತನಕ ಅವಳ ಹೆಸರಿನ ಜೊತೆ ಆ ಏಳು ಮಕ್ಕಳು ಇರುತ್ತಾರೆ.

"ಮಣಿ ಇಲ್ಲದನೂ ಇರ್ತಾರ," ಎಂದಳು ವಿಶಾಲಾಕ್ಷಿ. "ತಿದ್ದುಪಡಿನ ಬರಕೊಳ್ರಿ."

ಒಳಗೆ ರೇಣವ್ವ ಎಲ್ಲವನ್ನೂ ಹೇಳಿದಳು. ಅಧ್ಯಕ್ಷರು ಅವಳ ಮಾತನ್ನು ಎರಡು ಸಲ ಓದಿಸಿ ದಾಖಲು ಮಾಡಿಸಿದರು. ಹೊರಗೆ ಬಂದ ಮೇಲೆ ವಿಶಾಲಾಕ್ಷಿ ಅವಳ ಜೊತೆ ವರಾಂಡದ ಮೆಟ್ಟಿಲ ತನಕ ನಡೆದಳು. ಬಸ್ಸಿಗೆ ಹೊತ್ತಾಯಿತೆಂದು ರೇಣವ್ವ ಹೊರಟಳು. ಗೇಟಿನ ತನಕ ಹೋಗಿ ಒಮ್ಮೆ ಕೈ ಎತ್ತಿದಳು. ವಿಶಾಲಾಕ್ಷಿಯೂ ಎತ್ತಿದಳು.

ಲಗ್ನದ ದಿನ ಅವಳು ಲಾಂಡ್ರಿಯಲ್ಲಿ ಎರಡು ಪಾಳಿ ಮಾಡಿದಳು. ವಾರದ ನಂತರ ಸರೋಜಿನಿ ಬುಂದೆ ಉಂಡೆಯ ಡಬ್ಬಿ ಕಳಿಸಿದಳು. ದಿನಕ್ಕೊಂದರಂತೆ ತಿಂದಳು; ಹಂಚಲು ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ. ಔಷಧ ಕಂಪನಿಯ ವಕೀಲರು ಒಂದು ಆಕ್ಷೇಪ ಹಾಕಿದರು, ಅದು ಬಿದ್ದುಹೋಯಿತು. ಆರು ತಿಂಗಳಾದ ಮೇಲೆ ಮುನೀರ್ ತಾನೇ ಫೋನ್ ಮಾಡಿ ಹೊಸ ವಾಕ್ಯವನ್ನು ಕೇಳಿಸಿದ.

"ವಿಶಾಲಾಕ್ಷಿ ಕಮಡೊಳ್ಳಿ. ಏಳು ಮಕ್ಕಳನ್ನು ಕೊಂದ ಸಿರಪ್ಪಿನ ಬಾಟಲಿಗಳನ್ನು ಮನೆಮನೆಗೆ ಹೋಗಿ ಹಿಂದಕ್ಕೆ ತಂದ ಫಾರ್ಮಸಿಸ್ಟ್."

"ಬರೋಬ್ಬರಿ ಹನ್ನೆರಡು ಪದ ಅಮ್ಮಾರ," ಎಂದ. "ಹದಿಮೂರನೇದಕ್ಕ ಜಾಗಾ ಇದ್ದಿಲ್ಲ."

"ಸಾಕು," ಎಂದಳು.

ಅದರಿಂದ ಬದುಕೇನೂ ರಾತ್ರೋರಾತ್ರಿ ತುಂಬಿಕೊಳ್ಳಲಿಲ್ಲ. ಜನ ಸರಿದು ಹೋಗುವುದು ನಿಂತಿತು. ಹತ್ತಿರ ಬರುವುದು ಶುರುವಾಗಲಿಲ್ಲ. ಏಳು ವರ್ಷ ಮಾತಾಡದೆ ಉಳಿದವಳಿಗೂ ಮಾತು ಎಲ್ಲಿಂದ ಎತ್ತಿಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ.

ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಹಿಂದಿನ ಓಣಿಯ ಹೆಂಗಸೊಬ್ಬಳು ನಿಂತಿದ್ದಳು. ಸೆರಗಿನೊಳಗಿಂದ ಒಂದು ಔಷಧದ ಬಾಟಲಿ ತೆಗೆದಳು.

"ನಮ್ ಕೂಸಿಗೆ ಬರದು ಕೊಟ್ಟಾರ್ರಿ. ನನಗ ಯಾಕೋ ಅಂಜಿಕಿ. ನೀವು ಒಮ್ಮಿ ನೋಡಿ ಹೇಳ್ತೀರೇನು? ಮಣಿ ಹೇಳ್ತ್ರಿ ನಿಮ್ಮ ಬಗ್ಗೆ."

"ಏನ್ ಹೇಳ್ತು?"

"ಇಷದ ಔಷಧ ಬಂದಿತ್ತಂತ, ನೀವು ಮನಿಮನಿಗೆ ಹೋಗಿ ಮಕ್ಕಳನ್ನೆಲ್ಲ ಉಳಿಸಿದ್ರಂತ."

ಹೌದು ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆಕೆಯ ಕಣ್ಣಲ್ಲಿದ್ದ ನಂಬಿಕೆಯನ್ನು ನೋಡಿ ವಿಶಾಲಾಕ್ಷಿಗೆ ಒಂದು ಗಳಿಗೆ ಹಾಗೆಯೇ ಅನ್ನಿಸಿತು ಕೂಡ.

"ಎಲ್ಲಾರ್ನೂ ಅಲ್ಲವ್ವಾ," ಎಂದಳು. "ಏಳು ಮಕ್ಕಳು ಹೋದ್ವು. ಬಾಟ್ಲಿ ಕೊಟ್ಟಾಕೀನೂ ನಾನ. ಎರಡು ಮನಿಗೆ ನಾ ಹೋಗೂದ್ರಾಗ ತಡಾ ಆಗಿತ್ತು. ಅದನ್ನೂ ಕೇಳ್ಕೊಂಡು ಬಾಟ್ಲಿ ಕೊಡೂದಾದ್ರ ಕೊಡು."

ಆ ಹೆಂಗಸು ಮಿಕಿಮಿಕಿ ನೋಡಿದಳು. ಬಾಟಲಿ ಹಿಡಿದ ಕೈ ಎದೆಯ ಹತ್ತಿರಕ್ಕೆ ಹೋಯಿತು. ಮೆಟ್ಟಿಲ ಕಡೆ ಒಮ್ಮೆ ತಿರುಗಿದಳು. ಹೋಗುವುದಾದರೆ ಹೋಗಲಿ ಎಂದು ವಿಶಾಲಾಕ್ಷಿ ಬಾಗಿಲಿನಿಂದ ಸ್ವಲ್ಪ ಹಿಂದೆ ಸರಿದಳು.

ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಾಟಲಿಯನ್ನು ಅವಳ ಕೈಗೆ ಕೊಟ್ಟು ನೆಲದ ಮೇಲೆ ಕೂತಳು.

ವಿಶಾಲಾಕ್ಷಿ ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋದಳು. ಅಕ್ಷರ ಬಹಳ ಸಣ್ಣವಿದ್ದವು. ಬಾಟಲಿಯನ್ನು ಬೆಳಕಿಗೆ ಹಿಡಿದು, ತಯಾರಿಸಿದವರ ಹೆಸರಿನಿಂದ ಶುರುಮಾಡಿ, ಒಂದೊಂದೇ ಸಾಲನ್ನು ಬೆರಳಿಟ್ಟು ಓದತೊಡಗಿದಳು.